ಡಾಕ್ಟರ್ ಫೀಲ್‌ಗುಡ್ ಕೇಳೋದು ಹೇಗೆ: ನಾಲ್ಕು ಜನ, ನಾಲ್ಕು ರೆಕಾರ್ಡು, ಒಂದು ಜಗಳ

ಪಬ್ ರಾಕ್ ಅಂದ್ರೆ ಏನು, ಎಲ್ಲಿಂದ ಕೇಳೋಕೆ ಶುರು ಮಾಡ್ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಯಾವಾಗ್ಲೂ ಹೇಳೋದು ಒಂದೇ ಬ್ಯಾಂಡು, ಡಾಕ್ಟರ್ ಫೀಲ್‌ಗುಡ್. ಇಂಗ್ಲೆಂಡಿನ ಎಸೆಕ್ಸಲ್ಲಿ, ಥೇಮ್ಸ್ ನದಿ ಸಮುದ್ರ ಸೇರೋ ಕಡೆ ಕ್ಯಾನ್ವಿ ಅಂತ ಒಂದು ದ್ವೀಪ ಇದೆ, 1971ರಲ್ಲಿ ಅಲ್ಲಿನ ಹುಡುಗ್ರು ಕಟ್ಟಿದ್ದು. 1975ರ ಜನವರಿಯಿಂದ 1977ರ ಮೇವರೆಗೆ ನಾಲ್ಕು ರೆಕಾರ್ಡ್ ತಂದ್ರು, ಮೂರನೇದು ಬ್ರಿಟನ್ ಚಾರ್ಟಲ್ಲಿ ನಂಬರ್ ಒನ್ ಆಯ್ತು, ನಾಲ್ಕನೇದು ಅಂಗಡಿಗೆ ಬರೋ ಹೊತ್ತಿಗೆ ಹಾಡು ಬರೀತಿದ್ದ ಗಿಟಾರಿಸ್ಟೇ ಬ್ಯಾಂಡಲ್ಲಿ ಇರ್ಲಿಲ್ಲ. ಎರಡೂವರೆ ವರ್ಷವೂ ಇಲ್ಲ, ಅಷ್ಟರಲ್ಲೇ ಏರಿದ್ದೂ ಆಯ್ತು ಒಡೆದಿದ್ದೂ ಆಯ್ತು.

ಈ ಒಡಕಿನ ಬಗ್ಗೆ ಯಾರು ಯಾರಿಗೆ ಏನಂದ್ರು ಅಂತ ಬೇಕಾದಷ್ಟು ಮಾತಿದೆ, ಆದ್ರೆ ನನ್ನ ಪ್ರಕಾರ ಅದನ್ನ ಓದಿ ತಿಳ್ಕೊಳ್ಳೋದಕ್ಕಿಂತ ರೆಕಾರ್ಡಲ್ಲೇ ಕೇಳಿ ತಿಳ್ಕೊಳ್ಳೋದು ಸರಿ. ಒಂದೊಂದು ಹಾಡೂ ಯಾರು ಬರೆದಿದ್ದು ಅಂತ ಒಂದು ಚೀಟಿ ಮೇಲೆ ಗುರುತು ಹಾಕ್ಕೊಳ್ತಾ ಹೋಗಿ ಸಾಕು. ಪೆನ್ನು ಪೇಪರ್ ಪಕ್ಕದಲ್ಲಿ ಇಟ್ಕೊಳ್ಳಿ, ನಿಜವಾಗ್ಲೂ ಹೇಳ್ತಿದೀನಿ.

ಮೊದಲು ಆ ಕಾಲದ ಪಬ್ಬಿನೊಳಗೆ ಹೋಗ್ಬೇಕು

ನೇರ ಹಾಡಿಗೆ ಹೋಗ್ಬೇಡಿ, ಹತ್ತು ನಿಮಿಷ ಹಿನ್ನೆಲೆ ತಿಳ್ಕೊಳ್ಳಿ, ಇಲ್ಲಾಂದ್ರೆ ಇದರಲ್ಲಿ ಅಂಥದ್ದೇನಿದೆ, ಹಳೇ ಬ್ಲೂಸನ್ನ, ಅಂದ್ರೆ ಅಮೆರಿಕದ ಕಪ್ಪು ಜನರ ಹಾಡನ್ನ, ಜೋರಾಗಿ ಬಾರಿಸಿದಾರೆ ಅಷ್ಟೇ ಅಲ್ವಾ ಅನ್ಸುತ್ತೆ. 70ರ ದಶಕದ ಶುರುವಲ್ಲಿ ಬ್ರಿಟನ್ನಿನ ರಾಕ್ ತುಂಬಾ ದೊಡ್ಡದಾಗಿಬಿಟ್ಟಿತ್ತು. ಒಂದು ಹಾಡು ರೆಕಾರ್ಡಿನ ಒಂದು ಪೂರ್ತಿ ಸೈಡು, ಸ್ಟೇಜ್ ಮೇಲೆ ಲಾರಿಗಟ್ಟಲೆ ಸಾಮಾನು, ಕೇಳೋನು ಎಲ್ಲೋ ದೂರದ ಸೀಟಲ್ಲಿ. 1971ರಲ್ಲಿ ಲಂಡನ್ನಿನ ಕೆಂಟಿಶ್ ಟೌನಲ್ಲಿರೋ ಟ್ಯಾಲಿ ಹೋ ಅನ್ನೋ ಪಬ್ಬಲ್ಲಿ, ಅದು ಅಲ್ಲಿವರೆಗೆ ಜಾಝ್ ಮಾತ್ರ ನಡೀತಿದ್ದ ಜಾಗ, ಎಗ್ಸ್ ಓವರ್ ಈಝಿ ಅನ್ನೋ ಅಮೆರಿಕನ್ ಬ್ಯಾಂಡು ಮಾಲೀಕನನ್ನ ಒಪ್ಪಿಸಿ ಆಡೋಕೆ ಶುರು ಮಾಡಿತು. ಅಲ್ಲಿಂದ ಬಾಗಿಲು ತೆರೀತು. ಬೀಸ್ ಮೇಕ್ ಹನಿ, ಬ್ರಿನ್ಸ್ಲಿ ಶ್ವಾರ್ಟ್ಝ್, ಡಕ್ಸ್ ಡಿಲಕ್ಸ್, ಇಯಾನ್ ಡ್ಯೂರಿಯ ಕಿಲ್ಬರ್ನ್ ಅಂಡ್ ದ ಹೈ ರೋಡ್ಸ್, ಹೀಗೆ ಒಬ್ಬರ ಹಿಂದೆ ಒಬ್ಬರು ಪಬ್ಬುಗಳಿಗೆ ಬಂದ್ರು. ಇಸ್ಲಿಂಗ್ಟನ್ನಿನ ಹೋಪ್ ಅಂಡ್ ಆಂಕರ್ ಪಬ್ಬಿನ ನೆಲಮಾಳಿಗೆ ಇವರಿಗೆಲ್ಲ ಒಂಥರಾ ಮನೆ ಆಗೋಯ್ತು.

ಇದರಲ್ಲಿ ಬ್ರಿನ್ಸ್ಲಿ ಶ್ವಾರ್ಟ್ಝ್ ಕಥೆ ಒಂದೇ ಮಾತಲ್ಲಿ ಹೇಳಿಬಿಡ್ತೀನಿ, ಯಾಕಂದ್ರೆ ಪಬ್ಬಿಗೆ ಯಾಕೆ ಬಂದ್ರು ಅನ್ನೋದು ಅದರಿಂದ ಚೆನ್ನಾಗಿ ಅರ್ಥ ಆಗುತ್ತೆ. 1970ರಲ್ಲಿ ಇವರ ಮ್ಯಾನೇಜ್‌ಮೆಂಟು ಒಂದು ವಿಮಾನದ ತುಂಬಾ ಬ್ರಿಟಿಷ್ ಪತ್ರಕರ್ತರನ್ನ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟಿಗೆ ಕರ್ಕೊಂಡು ಹೋಯ್ತು, ವಿಮಾನ ಲೇಟ್ ಆಯ್ತು, ಎಲ್ಲರೂ ಸುಸ್ತಾಗಿ ತಲುಪಿದ್ರು, ಪೇಪರಲ್ಲಿ ಬ್ಯಾಂಡಿನ ಮರ್ಯಾದೆ ಹೋಯ್ತು. ಅಷ್ಟು ದೊಡ್ಡ ಪ್ರಚಾರ ಮಾಡಿ ಕೈ ಸುಟ್ಟುಕೊಂಡೋರು ಆಮೇಲೆ ಸಣ್ಣ ಕೋಣೇಲಿ, ಕೈಗೆಟುಕೋ ದೂರದಲ್ಲಿ ನಿಂತಿರೋ ಜನರ ಮುಂದೆ ಆಡೋದನ್ನ ಕಲಿತರು. ಪಬ್ಬಲ್ಲಿ ಲೈಟ್ ಶೋ ಇರಲ್ಲ, ಜನ ಬಿಯರ್ ಕುಡಿಯೋಕೆ ಬಂದಿರ್ತಾರೆ, ನಿಮ್ಮ ಹಾಡು ಹಿಡಿಸ್ಲಿಲ್ಲ ಅಂದ್ರೆ ಬೆನ್ನು ತಿರುಗಿಸಿ ಮಾತಿಗೆ ಕೂರ್ತಾರೆ. ಅಂಥವರ ಕಿವಿ ಹಿಡಿದು ನಿಲ್ಲಿಸ್ಬೇಕು ಅಂದ್ರೆ ಹಾಡು ಮೂರು ನಿಮಿಷ, ತಾಳ ಗಟ್ಟಿ, ಅಷ್ಟೇ.

ಕ್ಯಾನ್ವಿ ಗೊತ್ತಿರ್ಲಿ

ಬೇರೆ ಪಬ್ ರಾಕ್ ಬ್ಯಾಂಡುಗಳಿಗೂ ಇವರಿಗೂ ವ್ಯತ್ಯಾಸ ಏನು ಅಂದ್ರೆ ಇವರು ಲಂಡನ್ನಿನೋರಲ್ಲ. ಕ್ಯಾನ್ವಿ ಉಬ್ಬರ ಬಂದಾಗಿನ ನೀರಿನ ಮಟ್ಟಕ್ಕಿಂತ ತಗ್ಗಲ್ಲಿರೋ ಜಾಗ, 17ನೇ ಶತಮಾನದಲ್ಲಿ ಡಚ್ಚರು ಗೋಡೆ ಕಟ್ಟಿ ನೀರಿಂದ ಎತ್ತಿದ ನೆಲ. 1953ರ ಜನವರಿ 31ರ ರಾತ್ರಿ ಸಮುದ್ರ ಉಕ್ಕಿ ಗೋಡೆ ಒಡೆದು ದ್ವೀಪದಲ್ಲೇ 58 ಜನ ಸತ್ತರು. ಮುಂದೆ ವಿಲ್ಕೋ ಜಾನ್ಸನ್ ಅಂತ ಹೆಸರಾದ ಜಾನ್ ವಿಲ್ಕಿನ್ಸನ್ನಿಗೆ, ಹಾಡು ಬರೀತಿದ್ದ ಗಿಟಾರಿಸ್ಟ್ ಅಂದ್ನಲ್ಲ ಅವನಿಗೆ, ಆಗ ಐದು ವರ್ಷ. ಆಮೇಲೆ ಅಲ್ಲಿ ಗೋಡೆ ಎತ್ತರ ಮಾಡಿದ್ರು, ಗ್ಯಾಸ್ ಟರ್ಮಿನಲ್ಲು ತೈಲದ ಟ್ಯಾಂಕುಗಳು ಬಂದವು, ಸುತ್ತ ಮುತ್ತ ರಿಫೈನರಿ, ರಾತ್ರಿ ಪೂರ್ತಿ ಚಿಮಣಿ ತುದೀಲಿ ಬೆಂಕಿ ಉರೀತಿರೋದು. ಈ ಹುಡುಗ್ರು ತಮ್ಮೂರನ್ನ ಥೇಮ್ಸ್ ಡೆಲ್ಟಾ ಅಂತ ಕರ್ಕೊಳ್ತಿದ್ರು, ಬ್ಲೂಸ್ ಹುಟ್ಟಿದ ಮಿಸಿಸಿಪ್ಪಿ ಡೆಲ್ಟಾ ಇದ್ದ ಹಾಗೆ. ಅದು ಬರೀ ಮಾತಲ್ಲ, ಹಾಡಲ್ಲಿ ಆ ಚಿಮಣಿ, ಹಡಗು ಬಂದು ನಿಲ್ಲೋ ಜೆಟ್ಟಿ ಎಲ್ಲಾ ಬರುತ್ತೆ.

ವಿಲ್ಕೋ ಬಗ್ಗೆ ನಮಗೆ ಸ್ವಲ್ಪ ಹತ್ತಿರದ ವಿಷಯ ಒಂದಿದೆ. ನ್ಯೂಕಾಸಲ್ ಯೂನಿವರ್ಸಿಟೀಲಿ ಇಂಗ್ಲಿಷ್ ಓದಿದ, ಹಳೇ ಐಸ್‌ಲ್ಯಾಂಡ್ ಭಾಷೆಯ ವೀರಗಾಥೆಗಳ ಹುಚ್ಚು ಅಲ್ಲೇ ಹತ್ತಿದ್ದು. ಡಿಗ್ರಿ ಮುಗಿಸಿ ಆ ಕಾಲದ ಬೇಕಾದಷ್ಟು ಹುಡುಗ್ರ ಹಾಗೆ ರಸ್ತೆ ಮೇಲೇ ಇಂಡಿಯಾಕ್ಕೆ ಬಂದ, ಗೋವಾ ಸುತ್ತಿದ. ಕಾರವಾರದಿಂದ ಇಷ್ಟೇ ದೂರದಲ್ಲಿ ಅವನು ಓಡಾಡಿದ್ದ ಅಂತ ಗೊತ್ತಾದಾಗ ನನಗಂತೂ ಏನೋ ಖುಷಿ. ವಾಪಸ್ ಹೋಗಿ ಇಂಗ್ಲಿಷ್ ಮೇಷ್ಟ್ರಾಗಿ ಕೆಲಸಕ್ಕೆ ಸೇರ್ಕೊಂಡ. ಗಾಯಕ ಲೀ ಬ್ರಿಲೋ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಡರ್ಬನ್ನಲ್ಲಿ, ಬೆಳೆದಿದ್ದು ಕ್ಯಾನ್ವಿಲಿ, ವಕೀಲರ ಆಫೀಸಲ್ಲಿ ಗುಮಾಸ್ತ. ವಿಲ್ಕೋಗಿಂತ ಐದು ವರ್ಷ ಚಿಕ್ಕವನು. ಬೇಸ್ ಗಿಟಾರಿಗೆ ಜಾನ್ ಬಿ. ಸ್ಪಾರ್ಕ್ಸ್, ಎಲ್ಲರೂ ಸ್ಪಾರ್ಕೋ ಅನ್ನೋರು. ಡ್ರಮ್ಸಿಗೆ ಜಾನ್ ಮಾರ್ಟಿನ್, ಅಡ್ಡಹೆಸರು ಬಿಗ್ ಫಿಗರ್. ಬ್ಯಾಂಡಿನ ಹೆಸರು ಬಂದಿದ್ದು ಪಿಯಾನೋ ರೆಡ್ ಅನ್ನೋ ಅಮೆರಿಕದ ಬ್ಲೂಸ್ ಕಲಾವಿದನ ಒಂದು ಹಾಡಿಂದ, ಅದನ್ನ ಇಂಗ್ಲೆಂಡಲ್ಲಿ ಜಾನಿ ಕಿಡ್ ಅಂಡ್ ದ ಪೈರೇಟ್ಸ್ ಹಾಡಿದ್ರು, ಆ ಪೈರೇಟ್ಸಿನ ಗಿಟಾರಿಸ್ಟ್ ಮಿಕ್ ಗ್ರೀನ್ ವಿಲ್ಕೋಗೆ ದ್ರೋಣಾಚಾರ್ಯ ಇದ್ದ ಹಾಗೆ, ಇವನು ಏಕಲವ್ಯ.

1973ರಲ್ಲಿ ಇವರು ಲಂಡನ್ ಪಬ್ಬುಗಳಿಗೆ ಬಂದ್ರು. ಆಡೋದು, ವ್ಯಾನ್ ಹತ್ತೋದು, ವಾಪಸ್ ಕ್ಯಾನ್ವಿಗೆ. ಉಳಿದ ಬ್ಯಾಂಡಲ್ಲಿ ಉದ್ದ ಕೂದಲು ಗಡ್ಡ ಡೆನಿಮ್ಮು, ಇವರಲ್ಲಿ ಗಿಡ್ಡ ಕೂದಲು, ಸೂಟು. ಲೀದು ಒಂದು ಬಿಳೀ ಜಾಕೆಟ್ಟು, ಬೆವರು ಬಿಯರು ಎಲ್ಲಾ ಸೇರಿ ಬಿಳೀ ಬಣ್ಣ ಅನ್ನೋದೇ ಕಾಣದಷ್ಟು ಕೊಳೆ. 1974ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ ಕಾಂಟ್ರಾಕ್ಟ್ ಕೊಡ್ತು.

ಮೊದಲ ರೆಕಾರ್ಡು, ಮೂರು ಸಲ ಕೇಳಿ

ಈಗ ಶುರು ಮಾಡಿ. 'ಡೌನ್ ಬೈ ದ ಜೆಟ್ಟಿ', 1975ರ ಜನವರಿ. ಎಲ್ಲರೂ ಸ್ಟೀರಿಯೋ ಮಾಡ್ತಿದ್ದ ಕಾಲದಲ್ಲಿ ಇದು ಮೋನೋದಲ್ಲಿ, ಅಂದ್ರೆ ಎರಡೂ ಕಿವಿಗೆ ಒಂದೇ ಸದ್ದು ಬರೋ ಹಾಗೆ, ಬಂತು, ಪ್ರೊಡ್ಯೂಸರ್ ವಿಕ್ ಮೇಲ್. ಮೋನೋ ವರ್ಶನ್ನೇ ಹುಡುಕಿ ಕೇಳಿ. ಒಂದೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೇಳಿದ್ರೂ ಏನೂ ಕಳ್ಕೊಳ್ಳಲ್ಲ, ನಾಲ್ಕೂ ಜನ ಒಂದೇ ಜಾಗದಿಂದ ಬಂದು ಎದೆಗೆ ಹೊಡೀತಾರೆ.

ಮೊದಲ ಸಲ ಕೇಳುವಾಗ ಗಿಟಾರ್ ಕಡೆ ಗಮನ ಕೊಡ್ಲೇಬೇಡಿ, ಕಷ್ಟ, ಆದ್ರೂ ಕೊಡ್ಬೇಡಿ. ಬರೀ ಡ್ರಮ್ಸು ಬೇಸು ಕೇಳಿ. ಬಿಗ್ ಫಿಗರ್ ಎಲ್ಲೂ ಚಮತ್ಕಾರ ಮಾಡಲ್ಲ, ತಾಳ ಹಾಕೋನು ತಾಳ ಹಾಕಿದ ಹಾಗೆ ನೇರ, ಅವನ ಪಕ್ಕ ಸ್ಪಾರ್ಕೋ ಕಾಲು ನೆಲಕ್ಕೆ ಊರಿ ನಿಂತಿದಾನೆ ಅನ್ಸುತ್ತೆ. ಇವರಿಬ್ರು ಹಿಂಗೆ ಇದ್ದಿದ್ರಿಂದಲೇ ಮುಂದಿನ ಇಬ್ರು ಹುಚ್ಚೆದ್ದು ಆಡೋಕೆ ಆಗಿದ್ದು, ಇವರ ಹೆಸರು ಯಾರೂ ಜಾಸ್ತಿ ಹೇಳಲ್ಲ ಅನ್ನೋ ಬೇಜಾರು ನನಗಿದೆ.

ಎರಡನೇ ಸಲ ಗಿಟಾರು. ಬ್ಯಾಂಡಲ್ಲಿ ಇರೋದು ಒಂದೇ ಗಿಟಾರು ಅನ್ನೋದು ನೆನಪಿರ್ಲಿ. ನಮ್ಮ ಕಚೇರಿ ಭಾಷೇಲಿ ಹೇಳೋದಾದ್ರೆ ಪಕ್ಕವಾದ್ಯವೂ ಅವನೇ, ನಡುವೆ ಬರೋ ತನಿಯೂ ಅವನೇ, ಆದ್ರೆ ಒಂದು ಬಿಟ್ಟು ಇನ್ನೊಂದಕ್ಕೆ ಹೋಗಲ್ಲ, ಎರಡನ್ನೂ ಒಟ್ಟಿಗೆ ಬಾರಿಸ್ತಾನೆ. 'ಶಿ ಡಸ್ ಇಟ್ ರೈಟ್' ಹಾಕಿ, ಕಾರ್ಡಿನ, ಅಂದ್ರೆ ಹಲವು ತಂತಿ ಒಟ್ಟಿಗೆ ನುಡಿಸೋ ಹೊಡೆತದ, ಮಧ್ಯೆ ಮಧ್ಯೆ ಸಣ್ಣ ಸಣ್ಣ ತುಂಡು ಲೀಡ್, ಅಂದ್ರೆ ಒಂಟಿ ಸ್ವರದ ನುಡಿಕೆ, ಬಂದು ಹೋಗುತ್ತೆ, ಕಾರ್ಡು ನಿಂತೇ ಇಲ್ಲ ಅನ್ಸುತ್ತೆ. ಆಮೇಲೆ 'ರಾಕ್ಸೆಟ್' ಹಾಕಿ, ಅದರಲ್ಲಿ ಉಲ್ಟಾ, ನಿಲ್ಲಿಸೋದನ್ನ ಕೇಳಿ. ಪ್ರತೀ ಹೊಡೆತದ ನಂತರ ಒಂದು ಖಾಲಿ ಜಾಗ ಇದೆ, ಆ ಖಾಲಿ ಜಾಗ ಎಷ್ಟು ಚೊಕ್ಕ ಅಂದ್ರೆ ಚಾಕುವಲ್ಲಿ ಕತ್ತರಿಸಿದ ಹಾಗೆ. ತನ್ನ ಹುಡುಗಿ ಬೇರೆ ಯಾರ ಜೊತೆಗೋ ಓಡಾಡಿದ್ದನ್ನ ಕಂಡವನು ಹಲ್ಲು ಕಚ್ಚಿ ಮಾತಾಡೋ ಹಾಡು ಅದು, ಆ ಹಲ್ಲು ಕಚ್ಚೋದು ಗಿಟಾರಲ್ಲೇ ಇದೆ.

ಮೂರನೇ ಸಲ ಲೀ. ದನಿ ಗೊಗ್ಗರು, ಹಾರ್ಮೋನಿಕಾ ಇನ್ನೂ ಗೊಗ್ಗರು. ಈ ರೆಕಾರ್ಡಲ್ಲಿ ಪ್ರಚಾರದ ಸಲುವಾಗಿ ಸೇರಿಸಿದ ಸಿಹಿ ಹಾಡು ಒಂದೂ ಇಲ್ಲ. 'ಆಲ್ ಥ್ರೂ ದ ಸಿಟಿ' ಹಾಡು ಬಂದಾಗ ನಿಧಾನ ಮಾಡಿ, ಬೆಳಗಿನ ಜಾವ ಉರೀತಿರೋ ಆ ರಿಫೈನರಿ ಗೋಪುರಗಳು ಇರೋದು ಅದರಲ್ಲೇ, ರೆಕಾರ್ಡಿನ ಹೆಸರು ಕೂಡ ಅದರ ಸಾಲಿಂದಲೇ ತೆಗೆದಿದ್ದು.

ಈಗ ಚೀಟಿ ತಗೊಳ್ಳಿ. 13 ಹಾಡು, ಅದರಲ್ಲಿ 9 ವಿಲ್ಕೋ ಒಬ್ಬನೇ ಬರೆದಿದ್ದು. ಉಳಿದವು ಜಾನ್ ಲೀ ಹೂಕರ್ ಹಾಡು, ಪಕ್ಕದ ಸೌತ್‌ಎಂಡಿನ ಮಿಕಿ ಜಪ್ ಬರೆದ ಒಂದು ಹಾಡು, ಮಿಕ್ ಗ್ರೀನಿನದು ಒಂದು, ಕೊನೇಲಿ ಹಳೇ ರಾಕ್ ಅಂಡ್ ರೋಲ್ ಹಾಡು. 9 ಅಂತ ಬರ್ಕೊಳ್ಳಿ.

ಕೈಯಲ್ಲಿ ಗಿಟಾರ್ ಇದ್ರೆ ಇದನ್ನ ಮಾಡಿ ನೋಡಿ

ಇದು ಗಿಟಾರ್ ಇಲ್ಲದೋರಿಗೆ ಬೇಡ, ಮುಂದಕ್ಕೆ ಹೋಗಿ, ಆದ್ರೆ ಮನೇಲಿ ಒಂದು ಗಿಟಾರ್ ಇದ್ರೆ ದಯವಿಟ್ಟು ಟ್ರೈ ಮಾಡಿ, ಯಾಕಂದ್ರೆ ವಿಲ್ಕೋನ ಬಲಗೈ ಅರ್ಥ ಆಗದೆ ಈ ಬ್ಯಾಂಡು ಪೂರ್ತಿ ಅರ್ಥ ಆಗಲ್ಲ. ಹುಟ್ಟಾ ಎಡಚ, ಆದ್ರೆ ಬಲಗೈಯವರ ಹಾಗೆ ಹಿಡಿದು ಕಲಿತವನು. ಕರೀ ಬಣ್ಣದ ಫೆಂಡರ್ ಟೆಲಿಕಾಸ್ಟರ್, ಅದಕ್ಕೆ ಕೆಂಪು ಪಿಕ್‌ಗಾರ್ಡ್. ಆದ್ರೆ ಪಿಕ್ ಹಿಡೀತಿರ್ಲಿಲ್ಲ. ಬರೀ ಬೆರಳು.

ಹೀಗೆ ಮಾಡಿ. ಪಿಕ್ ಪಕ್ಕಕ್ಕಿಡಿ. ಬಲಗೈ ಬೆರಳು ಸಡಿಲವಾಗಿ ಒಳಗೆ ಮಡಚಿ, ಕೈಯಲ್ಲಿ ನೀರು ಮೆತ್ತಿದ್ರೆ ಹೇಗೆ ಝಾಡಿಸ್ತೀವೋ ಹಾಗೆ ಮಣಿಕಟ್ಟಿಂದ ಕೆಳಗೆ ಬೀಸಿ, ಉಗುರಿನ ಬೆನ್ನು ತಂತಿಗೆ ತಾಗ್ಬೇಕು, ಮೇಲಕ್ಕೆ ಬರುವಾಗ ಹೆಬ್ಬೆರಳು ತಾಗ್ಲಿ. ಎಂಟು ಎಣಿಸ್ತಾ ಕೆಳಗೆ ಮೇಲೆ ಕೆಳಗೆ ಮೇಲೆ, ಕೈ ನಿಲ್ಲಿಸ್ಲೇಬೇಡಿ. ಈಗ ಎಡಗೈಗೆ ಬನ್ನಿ, ಅಸಲಿ ಕೆಲಸ ಇರೋದು ಅಲ್ಲೇ. ಒಂದು ಬಾರ್ ಕಾರ್ಡ್ ಹಿಡೀರಿ, ಆದ್ರೆ ಒತ್ತಬೇಡಿ, ಬೆರಳು ತಂತಿ ಮೇಲೆ ಸುಮ್ನೆ ಕೂತಿರ್ಲಿ. ಎಂಟೂ ಹೊಡೆತಕ್ಕೆ ಚಕ್ ಚಕ್ ಅಂತ ಸತ್ತ ಸದ್ದು ಮಾತ್ರ ಬರುತ್ತೆ. ಅದು ಸಮ ಆದ್ಮೇಲೆ ಮೊದಲನೇ ಹೊಡೆತಕ್ಕೆ ಮಾತ್ರ ಎಡಗೈ ಒತ್ತಿ ಬಿಡಿ. ಆಮೇಲೆ ಒಂದು ಮತ್ತು ನಾಲ್ಕಕ್ಕೆ. ಆಮೇಲೆ ಒಂದು, ನಾಲ್ಕು, ಏಳು. ಅಂದ್ರೆ ಬಲಗೈ ಯಂತ್ರದ ಹಾಗೆ ಓಡ್ತಾನೇ ಇರುತ್ತೆ, ಸದ್ದು ಯಾವಾಗ ಬರ್ಬೇಕು ಅಂತ ತೀರ್ಮಾನ ಮಾಡೋದು ಎಡಗೈ. ಆ ಚೊಕ್ಕ ಖಾಲಿ ಜಾಗ ಅಂದ್ನಲ್ಲ, ಅದು ಇಲ್ಲಿಂದ ಬರೋದು. ಇದು ಕೂತ ಮೇಲೆ, ಖಾಲಿ ಇರೋ ಒಂದು ಹೊಡೆತದಲ್ಲಿ ಕಿರುಬೆರಳು ಒಂದು ಸ್ವರಕ್ಕೆ ಹಾಕಿ ತೆಗೀರಿ, ಕೈ ಮಾತ್ರ ನಿಲ್ಲಬಾರ್ದು.

ನಾನು ಶುರು ಮಾಡಿದ ಮೊದಲ ವಾರ ತೋರುಬೆರಳಿನ ಉಗುರಿನ ಪಕ್ಕ ಚರ್ಮ ಕಿತ್ತು ಬಂತು, ಸ್ಟೀಲ್ ತಂತಿ ಅಲ್ವಾ. ದಿನಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ, ಚರ್ಮ ಗಟ್ಟಿಯಾಗೋಕೆ ಎರಡು ಮೂರು ವಾರ ಬೇಕು, ಅಲ್ಲಿವರೆಗೆ ತೆಳು ತಂತಿ ಹಾಕ್ಕೊಳ್ಳಿ. ಒಂದು ಸಲ ಆ ಓಟ ಕೈಗೆ ಹತ್ತಿದ್ರೆ ಈ ಮನುಷ್ಯ ಸ್ಟೇಜ್ ಮೇಲೆ ಯಾಕೆ ಹಂಗೆ ಹಿಂದಕ್ಕೂ ಮುಂದಕ್ಕೂ ಹಳಿ ಮೇಲೆ ಓಡೋ ಬಂಡಿ ಥರ ಓಡಾಡ್ತಿದ್ದ ಅಂತ ತಾನಾಗೇ ಗೊತ್ತಾಗುತ್ತೆ, ಕೈಯಿಂದ ಕಾಲಿಗೆ ಇಳಿಯುತ್ತೆ ಅದು.

ಆಮೇಲೆ ನೋಡ್ಬೇಕಾದ್ದು

ಕೇಳಿದ್ದು ಸಾಕು, ಈಗ ನೋಡಿ. 1975ರ ನವೆಂಬರಲ್ಲಿ ಸೌತ್‌ಎಂಡಿನ ಕುರ್ಸಾಲ್ ಹಾಲಲ್ಲಿ ಆಡಿದ್ದನ್ನ ಚಿತ್ರೀಕರಣ ಮಾಡಿದಾರೆ, ಅದನ್ನ ಹುಡುಕಿ. ಸೌತ್‌ಎಂಡ್ ಅಂದ್ರೆ ಕ್ಯಾನ್ವಿ ಪಕ್ಕ, ಮನೆಯಂಗಳದಲ್ಲೇ ಆಡಿದ ಹಾಗೆ. ಲೀ ಮೈಕ್ ಸ್ಟ್ಯಾಂಡ್ ಬಿಟ್ಟು ಕದಲಲ್ಲ, ಮುಷ್ಟಿ ಕಟ್ಟಿ ಗಾಳಿಗೆ ಗುದ್ದುತಾನೆ, ಈಗ ಯಾರಿಗೋ ಹೊಡೆದೇ ಬಿಡ್ತಾನೆ ಅನ್ನೋ ಹಾಗೆ ನಿಂತಿರ್ತಾನೆ. ವಿಲ್ಕೋ ಕಣ್ಣು ಮಿಟುಕಿಸದೆ ದಿಟ್ಟಿಸ್ತಾ, ಗಿಟಾರನ್ನ ಮೆಷಿನ್‌ಗನ್ ಹಾಗೆ ಹಿಡಿದು ಜನರ ಕಡೆ ತಿರುಗಿಸ್ತಾನೆ. ನೋಡುವಾಗ ಒಂದು ಕೆಲಸ ಮಾಡಿ, ಐದು ನಿಮಿಷ ಲೀ ಒಬ್ಬನನ್ನೇ ನೋಡಿ, ಮುಂದಿನ ಐದು ನಿಮಿಷ ವಿಲ್ಕೋ ಒಬ್ಬನನ್ನೇ ನೋಡಿ. ಒಬ್ಬ ನಿಂತಲ್ಲೇ ಬಿಗಿ, ಇನ್ನೊಬ್ಬ ನಿಲ್ಲೋದೇ ಇಲ್ಲ. ಜನಕ್ಕೆ ಯಾರನ್ನ ನೋಡ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ.

ಆ ಕಾಲದಲ್ಲಿ ಇವರನ್ನ ಯಾರ್ಯಾರು ನೋಡ್ತಿದ್ರು, ಕೇಳ್ತಿದ್ರು ಅನ್ನೋದೂ ಮುಖ್ಯ. ಮುಂದೆ ದ ಕ್ಲ್ಯಾಶ್ ಬ್ಯಾಂಡಲ್ಲಿ ಹೆಸರಾದ ಜೋ ಸ್ಟ್ರಮ್ಮರ್ ವಿಲ್ಕೋನ ನೋಡಿ ಟೆಲಿಕಾಸ್ಟರ್ ತಗೊಂಡ, ದ ಜ್ಯಾಮ್ ಬ್ಯಾಂಡಿನ ಪಾಲ್ ವೆಲ್ಲರ್ ಇವರಿಂದ ಕಲಿತೆ ಅಂತ ಬಾಯಿ ತುಂಬಾ ಹೇಳಿದಾನೆ, ಗ್ಯಾಂಗ್ ಆಫ್ ಫೋರಿನ ಆಂಡಿ ಗಿಲ್ ಗಿಟಾರಲ್ಲಿ ಆ ಬಲಗೈ ನೇರ ಕೇಳುತ್ತೆ. ಬ್ಲಾಂಡಿ ಬ್ಯಾಂಡಿನ ಡ್ರಮ್ಮರ್ ಕ್ಲೆಮ್ ಬರ್ಕ್ ಮೊದಲ ರೆಕಾರ್ಡನ್ನ ಇಂಗ್ಲೆಂಡಿಂದ ನ್ಯೂಯಾರ್ಕಿಗೆ ಹೊತ್ಕೊಂಡು ಹೋಗಿ ಅಲ್ಲಿಯೋರಿಗೆಲ್ಲ ಕೇಳಿಸಿದ. ಪಂಕ್ ಅನ್ನೋ ಒರಟು, ಚುರುಕು ರಾಕ್ ಬರೋಕೆ ಮುಂಚೆ ಪಂಕಿಗೆ ನೆಲ ಹದ ಮಾಡಿದ್ದು ಈ ನಾಲ್ವರು.

ಎರಡು, ಮೂರು: ಚೀಟಿ ಏನು ಹೇಳುತ್ತೆ

ಅದೇ 1975ರಲ್ಲೇ, ಮೊದಲನೇದು ಬಂದ ವರ್ಷವೇ, 'ಮಾಲ್‌ಪ್ರಾಕ್ಟಿಸ್' ಬಂತು, ಚಾರ್ಟಲ್ಲಿ 17. ಇದರಲ್ಲಿ 'ಬ್ಯಾಕ್ ಇನ್ ದ ನೈಟ್' ಮತ್ತೆ 'ಗೋಯಿಂಗ್ ಬ್ಯಾಕ್ ಹೋಮ್' ತಪ್ಪಿಸ್ಬೇಡಿ. ಎರಡನೇದನ್ನ ವಿಲ್ಕೋ ತನ್ನ ಗುರು ಮಿಕ್ ಗ್ರೀನ್ ಜೊತೆಗೇ ಕೂತು ಬರೆದಿದ್ದು, ಏಕಲವ್ಯನಿಗೆ ಹೆಬ್ಬೆರಳು ಉಳೀತು ಅಂತ ನನಗೆ ಅದನ್ನ ಕೇಳಿದಾಗೆಲ್ಲ ಅನ್ಸುತ್ತೆ. ಈಗ ಎಣಿಸಿ. 11 ಹಾಡಲ್ಲಿ ವಿಲ್ಕೋ ಹೆಸರಿರೋದು 6ರಲ್ಲಿ, ಅದರಲ್ಲೂ ಎರಡು ಇನ್ನೊಬ್ಬರ ಜೊತೆ ಸೇರಿ. ಉಳಿದದ್ದೆಲ್ಲ ಬೋ ಡಿಡ್ಲಿ, ಬಾಬಿ ಪಾರ್ಕರ್, ಹೀಗೆ ಹಳೇ ಅಮೆರಿಕನ್ ಹಾಡುಗಳು.

ಮೂರನೇದು 'ಸ್ಟುಪಿಡಿಟಿ', 1976ರ ಸೆಪ್ಟೆಂಬರ್, ಲೈವ್ ರೆಕಾರ್ಡು. ಒಂದು ಸೈಡು 1975ರ ಮೇನಲ್ಲಿ ಶೆಫೀಲ್ಡ್ ಸಿಟಿ ಹಾಲಲ್ಲಿ ಆಡಿದ್ದು, ಇನ್ನೊಂದು ಸೈಡು ಆ ಕುರ್ಸಾಲಿನದೇ. ನಂಬರ್ ಒನ್ ಆಯ್ತು. ಪಬ್ಬಿಂದ ಬಂದ ಒಂದು ಬ್ಯಾಂಡು, ಸ್ಟುಡಿಯೋ ಅಲಂಕಾರ ಏನೂ ಇಲ್ಲದ ಲೈವ್ ರೆಕಾರ್ಡಿಂದ ದೇಶದ ನಂಬರ್ ಒನ್. ಇದನ್ನ ಜೋರಾಗಿ ಕೇಳಿ, ಸಣ್ಣ ವಾಲ್ಯೂಮಲ್ಲಿ ಕೇಳೋಕೆ ಇದನ್ನ ಮಾಡಿಲ್ಲ. ಪಕ್ಕದ ಮನೆಯೋರಿಗೆ ಮೊದಲೇ ಹೇಳಿಬಿಡಿ.

ಈಗ ಮತ್ತೆ ಚೀಟಿ. 13 ಹಾಡು. ವಿಲ್ಕೋ ಹಾಡು 7 ಇದೆ, ಆದ್ರೆ ಏಳೂ ಹಿಂದಿನ ಎರಡು ರೆಕಾರ್ಡಲ್ಲಿ ಬಂದಿದ್ದವೇ. ಮಿಕ್ಕ 6 ಬೇರೆಯವರದು, ಹೆಸರು ಕೊಟ್ಟ ಹಾಡು ಕೂಡ ಸಾಲೊಮನ್ ಬರ್ಕ್‌ದು. ಅಂದ್ರೆ ಹೊಸ ಸ್ವಂತ ಹಾಡು ಸೊನ್ನೆ. ನಂಬರ್ ಒನ್ ಆದ ರೆಕಾರ್ಡಲ್ಲಿ ಸೊನ್ನೆ. ಇದನ್ನ ಬರ್ದಿಟ್ಟುಕೊಂಡಾಗ ನನಗೆ ಈ ಬ್ಯಾಂಡಿನ ಕಥೆ ಬೇರೆ ಥರವೇ ಕಾಣಿಸ್ತು. ಟೂರ್ ಮೇಲೆ ಟೂರ್, ವ್ಯಾನಲ್ಲಿ ನಿದ್ದೆ, ಇದರ ಮಧ್ಯೆ ಹಾಡು ಬರಿಯೋನು ಒಬ್ಬನೇ, ಮೂವರು ಅವನ ಮುಖ ನೋಡ್ತಾ ಕೂತಿದಾರೆ, ಕಂಪನಿ ಮುಂದಿನದು ಯಾವಾಗ ಅಂತ ಕೇಳ್ತಿದೆ. ಲೈವ್ ರೆಕಾರ್ಡು ಅವನಿಗೆ ಸ್ವಲ್ಪ ಉಸಿರಾಡೋಕೆ ಟೈಮ್ ಕೊಡ್ತು ಅಷ್ಟೇ, ನಂಬರ್ ಒನ್ ಆದ್ಮೇಲೆ ಒತ್ತಡ ಇನ್ನೂ ಜಾಸ್ತಿಯಾಯ್ತು.

ಅದೇ 1976ರಲ್ಲಿ ಇನ್ನೊಂದು ನಡೀತು. ಜೇಕ್ ರಿವಿಯೆರಾ ಮತ್ತೆ ಹೋಪ್ ಅಂಡ್ ಆಂಕರಿನ ಡೇವ್ ರಾಬಿನ್ಸನ್ ಸೇರಿ ಸ್ಟಿಫ್ ರೆಕಾರ್ಡ್ಸ್ ಅಂತ ಸಣ್ಣ ಕಂಪನಿ ಶುರು ಮಾಡಿದ್ರು, ಅದಕ್ಕೆ 400 ಪೌಂಡ್ ಸಾಲ ಕೊಟ್ಟಿದ್ದು ಲೀ ಬ್ರಿಲೋ. ಆ ಕಂಪನಿಯಿಂದಲೇ ಅಕ್ಟೋಬರಲ್ಲಿ ದ ಡ್ಯಾಮ್ಡ್ ಬ್ಯಾಂಡಿನ ಸಿಂಗಲ್, ಅಂದ್ರೆ ಸೈಡಿಗೊಂದು ಹಾಡಿನ ಸಣ್ಣ ರೆಕಾರ್ಡು, ಬಂತು, ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ ಅಂತ ಅದನ್ನೇ ಹೇಳೋದು.

ನಾಲ್ಕನೇದನ್ನ ಜಗಳ ಗೊತ್ತಿಟ್ಕೊಂಡು ಕೇಳಿ

ಅಷ್ಟೊತ್ತಿಗೆ ಅಮೆರಿಕಾ ಟೂರ್ ಬೇರೆ ಆಗಿತ್ತು. ಲೀ, ಸ್ಪಾರ್ಕೋ, ಬಿಗ್ ಫಿಗರ್ ಮೂವರೂ ಕುಡಿಯೋರು, ಶೋ ಮುಗಿದ ಮೇಲೆ ಬಾರಲ್ಲಿ ಒಟ್ಟಿಗೆ. ವಿಲ್ಕೋ ಕುಡೀತಿರ್ಲಿಲ್ಲ, ಆಂಫೆಟಮೀನ್ ಅನ್ನೋ ಉತ್ತೇಜಕ ಮಾದಕ ತಗೊಳ್ತಿದ್ದ, ಅದನ್ನ ಅವನೇ ಮುಚ್ಚುಮರೆ ಇಲ್ಲದೆ ಹೇಳಿದಾನೆ, ಹೋಟೆಲ್ ರೂಮಲ್ಲಿ ಬಾಗಿಲು ಹಾಕ್ಕೊಂಡು ಒಬ್ಬನೇ. ಬರಿಯೋಕೆ ಒಬ್ಬನೇ ಇರ್ಬೇಕು, ಒಬ್ಬನೇ ಇದ್ರೆ ಉಳಿದವರಿಂದ ದೂರ ಆಗ್ತಾನೆ. ಇದರಲ್ಲಿ ಯಾರದು ತಪ್ಪು ಅಂತ ನಾನು ಹೇಳಲ್ಲ, ಇಂಥದ್ದು ಕೂಡು ಕುಟುಂಬದಲ್ಲಿ ನೋಡಿದೋರಿಗೆ ಅರ್ಥ ಆಗುತ್ತೆ, ದುಡಿಯೋನಿಗೆ ನಾನೊಬ್ಬನೇ ದುಡೀತಿದೀನಿ ಅನ್ನೋ ಸಿಟ್ಟು, ಉಳಿದವರಿಗೆ ಇವನು ನಮ್ಮ ಜೊತೆ ಊಟಕ್ಕೂ ಕೂರಲ್ಲ ಅನ್ನೋ ಸಿಟ್ಟು.

1977ರ ಶುರುವಲ್ಲಿ ವೇಲ್ಸಿನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ 'ಸ್ನೀಕಿನ್ ಸಸ್ಪಿಶನ್' ರೆಕಾರ್ಡಿಂಗು. ಪ್ರೊಡ್ಯೂಸರ್ ಅಮೆರಿಕದ ಬರ್ಟ್ ಡಿ ಕೋಟೋ. ಹಾಡು ಸಾಕಾಗಿಲ್ಲ. ಆಗ ಊರಿನ ಕಡೆಯ ಹಾರ್ಮೋನಿಕಾ ವಾದಕ ಲ್ಯೂ ಲೂಯಿಸ್ ಬರೆದ 'ಲಕಿ ಸೆವೆನ್' ಅನ್ನೋ ಹಾಡನ್ನ ಹಾಕೋಣ ಅಂತ ಬಂತು. ವಿಲ್ಕೋ ಬೇಡ ಅಂದ. ಉಳಿದವರು ಬೇಕು ಅಂದ್ರು. ಒಂದು ಹಾಡಿನ ಮೇಲೆ ಬಂದ ಮಾತು ಒಂದು ರಾತ್ರಿಯಲ್ಲಿ ಬ್ಯಾಂಡನ್ನೇ ಮುರೀತು. ಅವನೇ ಬಿಟ್ಟು ಹೋದ ಅಂತ ಬ್ಯಾಂಡಿನವರು ಹೇಳ್ತಾ ಬಂದ್ರು, ನನ್ನನ್ನ ತೆಗೆದು ಹಾಕಿದ್ರು ಅಂತ ವಿಲ್ಕೋ ಕೊನೇವರೆಗೂ ಹೇಳ್ದ. ಎರಡನ್ನೂ ಪಕ್ಕ ಪಕ್ಕ ಇಟ್ಕೊಂಡೇ ಕೇಳಿ.

ಹೇಗೆ ಕೇಳೋದು ಅಂದ್ರೆ, ಮೊದಲು ಟೈಟಲ್ ಹಾಡು, ಆಮೇಲೆ ವಿಲ್ಕೋನೇ ಹಾಡಿರೋ 'ಪ್ಯಾರಡೈಸ್', ಆಮೇಲೆ ನೇರ 'ಲಕಿ ಸೆವೆನ್'. ಮೂರನ್ನೂ ಒಂದರ ಹಿಂದೆ ಒಂದು ಹಾಕಿದ್ರೆ ಒಂದೇ ರೆಕಾರ್ಡಲ್ಲಿ ಎರಡು ಬ್ಯಾಂಡ್ ಇದೆ ಅನ್ಸುತ್ತೆ. ಚೀಟಿ ನೋಡಿ, 10 ಹಾಡಲ್ಲಿ ವಿಲ್ಕೋದು 5. ಈಗ ನಿಮ್ಮ ಚೀಟೀಲಿ 9, 6, 0, 5 ಅಂತ ಇರುತ್ತೆ, ಎರಡೂವರೆ ವರ್ಷಕ್ಕೆ 20 ಹಾಡು. ನನ್ನ ಅನಿಸಿಕೆ ಕೇಳಿದ್ರೆ, ಲಕಿ ಸೆವೆನ್ ಅಲ್ಲದಿದ್ರೆ ಇನ್ನೊಂದು ಹಾಡಿನ ಮೇಲೆ ಇದೇ ಜಗಳ ಆಗ್ತಿತ್ತು, ಬಾವಿ ಒಂದೇ, ಸೇದೋ ಕೈ ಜಾಸ್ತಿ. ಇನ್ನೊಬ್ಬ ಬರಹಗಾರ ಬ್ಯಾಂಡೊಳಗೆ ಮೊದಲಿಂದಲೇ ಬೆಳೆದಿದ್ರೆ, ಅಥವಾ ಕಂಪನಿ ಒಂದು ವರ್ಷ ಸುಮ್ನಿದ್ದಿದ್ರೆ, ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದೀನಿ. ರೆಕಾರ್ಡ್ ಮೇನಲ್ಲಿ ಬಂತು, ಚಾರ್ಟಲ್ಲಿ 10.

ಒಡೆದ ಮೇಲೆ ಏನು ಕೇಳ್ಬೇಕು

ವಿಲ್ಕೋ ಜಾಗಕ್ಕೆ ಜಿಪಿ ಮೇಯೋ ಬಂದ. ಇವನದು ಬೇರೆ ಕೈ, ಉದ್ದ ಎಳೆಯೋ ಸ್ವರ, ವಿಲ್ಕೋ ಥರ ಬಾರಿಸ್ತಾನಾ ಅಂತ ಹೋಲಿಸ್ಕೊಂಡು ಕೇಳ್ಬೇಡಿ, ಅನ್ಯಾಯ ಆಗುತ್ತೆ. 1979ರ 'ಮಿಲ್ಕ್ ಅಂಡ್ ಆಲ್ಕೊಹಾಲ್' ಹಾಕಿ, ಬ್ರಿನ್ಸ್ಲಿ ಶ್ವಾರ್ಟ್ಝ್ ಬ್ಯಾಂಡಲ್ಲಿದ್ದ ನಿಕ್ ಲೋ ಜೊತೆ ಮೇಯೋ ಬರೆದಿದ್ದು, ಇವರ ಸಿಂಗಲ್‌ಗಳಲ್ಲೇ ಅತಿ ಮೇಲೆ ಹೋಗಿದ್ದು ಅದೇ, 9ನೇ ಸ್ಥಾನ. ಮೇಯೋ 1981ರಲ್ಲಿ ಬಿಟ್ಟ, ಸ್ಪಾರ್ಕೋ ಮತ್ತೆ ಬಿಗ್ ಫಿಗರ್ 1982ರಲ್ಲಿ. ಲೀ ಮಾತ್ರ ಬಿಡ್ಲಿಲ್ಲ, ಜನ ಬದಲಾಗ್ತಾ ಹೋದ್ರು, ಇವನು ವರ್ಷಪೂರ್ತಿ ಊರೂರು ಸುತ್ತಿ ಹಾಡ್ತಾನೇ ಇದ್ದ. ಕ್ಯಾನ್ಸರ್ ಬಂದ ಮೇಲೂ 1994ರ ಜನವರಿಯಲ್ಲಿ ಕ್ಯಾನ್ವಿಲೇ ಕೊನೇ ಶೋ ಮಾಡಿದ, ಅದರ ರೆಕಾರ್ಡಿಂಗ್ 'ಡೌನ್ ಅಟ್ ದ ಡಾಕ್ಟರ್ಸ್' ಹೆಸರಲ್ಲಿ ಸಿಗುತ್ತೆ. ಏಪ್ರಿಲ್ 7ಕ್ಕೆ ಹೋದ, ವಯಸ್ಸು ಬರೀ 41. ಆ ರೆಕಾರ್ಡನ್ನ ಎಲ್ಲಾ ಕೇಳಿ ಮುಗಿಸಿದ ಮೇಲೆ ಕೇಳಿ, ಮೊದಲೇ ಬೇಡ. 1975ರ ದನಿ ಕಿವೀಲಿ ಇದ್ರೇನೇ ಅದರ ತೂಕ ಗೊತ್ತಾಗೋದು.

ವಿಲ್ಕೋ 1980ರಲ್ಲಿ ಇಯಾನ್ ಡ್ಯೂರಿಯ ಬ್ಲಾಕ್‌ಹೆಡ್ಸಿಗೆ ಸೇರಿದ, ಆಮೇಲೆ ತನ್ನದೇ ಬ್ಯಾಂಡು. 2013ರಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಅಂತ ಹೇಳಿದ್ರು, ಕೀಮೋ ಬೇಡ ಅಂದು ವಿದಾಯದ ಟೂರ್ ಮಾಡಿದ, ದ ಹೂ ಬ್ಯಾಂಡಿನ ರೋಜರ್ ಡಾಲ್ಟ್ರಿ ಜೊತೆ ಹಳೇ ಹಾಡುಗಳನ್ನ ಮತ್ತೆ ರೆಕಾರ್ಡ್ ಮಾಡಿದ, 'ಗೋಯಿಂಗ್ ಬ್ಯಾಕ್ ಹೋಮ್' ಅಂತಲೇ ಹೆಸರು, 2014ರಲ್ಲಿ ಚಾರ್ಟಲ್ಲಿ 3ನೇ ಸ್ಥಾನ. ಅದೇ ವರ್ಷ ಕೇಂಬ್ರಿಡ್ಜಲ್ಲಿ ಆಪರೇಷನ್ ಮಾಡಿ ಮೂರು ಕಿಲೋ ಗೆಡ್ಡೆ ತೆಗೆದ್ರು, ಬದುಕಿ ಬಂದ, 2022ರ ನವೆಂಬರ್ 21ರವರೆಗೂ ಇದ್ದ. ಆ ರೆಕಾರ್ಡಲ್ಲಿ 'ಆಲ್ ಥ್ರೂ ದ ಸಿಟಿ' ಇದೆ. 1975ರದ್ದನ್ನೂ ಇದನ್ನೂ ಒಂದರ ಹಿಂದೆ ಒಂದು ಹಾಕಿ, ಬಲಗೈ ಮಾತ್ರ ಕೇಳಿ.

ಲಂಡನ್ ಕಡೆ ಇರೋರು, ಇಲ್ಲಾ ಮಗನ ಮನೆ ಮಗಳ ಮನೆ ಅಂತ ಹೋಗೋರು, ಒಂದು ದಿನ ಬಿಡುವು ಮಾಡ್ಕೊಳ್ಳಿ. ಫೆನ್‌ಚರ್ಚ್ ಸ್ಟ್ರೀಟ್ ಸ್ಟೇಷನ್ನಿಂದ ಬೆನ್‌ಫ್ಲೀಟಿಗೆ ಟ್ರೈನು, ಅಲ್ಲಿಂದ ಕ್ಯಾನ್ವಿಗೆ ಬಸ್ಸು. ಲಾಬ್ಸ್ಟರ್ ಸ್ಮ್ಯಾಕ್ ಅನ್ನೋ ಹಳೇ ಪಬ್ಬು ಸಮುದ್ರದ ಗೋಡೆಗೆ ಒರಗಿಕೊಂಡೇ ಇದೆ, ಅದರ ಹಿಂದೆ ಮೆಟ್ಟಿಲು ಹತ್ತಿ ಗೋಡೆ ಮೇಲೆ ನಿಂತ್ರೆ ಒಂದು ಕಡೆ ಊರು ಕಾಲಡಿ ತಗ್ಗಲ್ಲಿ, ಇನ್ನೊಂದು ಕಡೆ ಉಬ್ಬರದ ಹೊತ್ತಲ್ಲಿ ನೀರು ಅದಕ್ಕಿಂತ ಎತ್ತರದಲ್ಲಿ. ಜೆಟ್ಟಿ ಕಾಣೋವರೆಗೂ ಗೋಡೆ ಮೇಲೇ ನಡೀರಿ, ಮೊದಲ ರೆಕಾರ್ಡನ್ನ ಅಲ್ಲಿ ಹಾಕಿ. ಬೇಸಿಗೆಯಲ್ಲೂ ಗಾಳಿ ಜೋರು, ಜಾಕೆಟ್ ತಗೊಂಡು ಹೋಗಿ.